ಬೆಲ್ ಬಟನ್ ಒತ್ತುವ ಮುನ್ನ: ಬೆಳಗಾವಿ–ಖಾನಾಪುರ ಸುದ್ದಿ ಚಾನೆಲ್ ಬಳಕೆಯ ಕೈಪಿಡಿ

ಯೂಟ್ಯೂಬಿನಲ್ಲಿ ಹೊಸ ಸುದ್ದಿ ಚಾನೆಲ್ ತೆರೆದಿದ್ದೀರಿ, ಅಭಿನಂದನೆ. ನಿಮ್ಮ ಓಣಿಗೆ ಇದು ನಾಲ್ಕನೆಯದಿರಬಹುದು, ಅದಕ್ಕೆ ಅಂಜಬೇಡಿ. ಬೆಳಗಾವಿಯಲ್ಲಿ ಒಂದು ಕುಂದಾ ಅಂಗಡಿಯ ಮಗ್ಗುಲಿಗೇ ಇನ್ನೊಂದು ಕುಂದಾ ಅಂಗಡಿ ಇದ್ದು, ಎರಡೂ ನಡೆಯುತ್ತವೆ. ಆದರೆ ಮೈಕು ಹಿಡಿಯುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿರಿ. ಓದದೆ ಹಿಡಿದವರು ಊರ ತುಂಬ ಇದ್ದಾರೆ. ಅವರಲ್ಲೊಬ್ಬ ವಡಗಾಂವದಲ್ಲಿರುವ ನನ್ನ ಅಕ್ಕನ ಮಗ. ಮುಂಜಾನೆ ಬೆಳಗಾವಿ, ಮಧ್ಯಾಹ್ನ ಬೈಕ್ ಹತ್ತಿ ಖಾನಾಪುರ, ರಾತ್ರಿ ಎಡಿಟಿಂಗು. ಏನು ಕೆಟ್ಟರೂ "ಮಾಮಾ, ಹಿಂಗಾತು, ಏನ್ ಮಾಡ್ಲಿ?" ಅಂತ ನನಗೇ ಫೋನು. ಅವನಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪೆಟ್ಟಿಗೆಯಲ್ಲಿ ಇರುವ ಸಾಮಾನು

ಮೊಬೈಲು ಒಂದು. ಕಾಲರಿಗೆ ಸಿಕ್ಕಿಸುವ ಮೈಕು ಒಂದು. ಖಾನಾಪುರದ ಗಾಳಿಯಲ್ಲಿ ಇದು ಗಾಳಿಯ ಸುದ್ದಿಯನ್ನಷ್ಟೇ ಹೇಳುತ್ತದೆ. ಕೈಮೈಕಿಗೆ ತೊಡಿಸುವ ನಾಲ್ಕು ಮೂಲೆಯ ಲೋಗೊ ಡಬ್ಬಿ ಒಂದು. ಅದರೊಳಗೆ ಏನೂ ಇಲ್ಲ. ಆದರೂ ಚಾನೆಲಿನ ಪ್ರಾಣ ಅದರಲ್ಲೇ ಇದೆ. ಡಬ್ಬಿ ಕಂಡ ಕೂಡಲೇ ನಗರಸೇವಕರು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಾರೆ, ಖಡೇ ಬಜಾರದ ಕಾಕಾ ತಕ್ಕಡಿ ಬಿಟ್ಟು ಬಂದು "ಯಾವ ಚಾನೆಲ್ಲೋ ತಮ್ಮಾ? ನಾಳಿ ನಮ್ಮ ಮನ್ಯಾಗ ಕಾಣತದೇನು?" ಎಂದು ಕೇಳುತ್ತಾರೆ. ಇದೇ ಪ್ರಶ್ನೆಯನ್ನು ಮೊಬೈಲಿಗೆ ಯಾರೂ ಕೇಳುವುದಿಲ್ಲ.

ಇದಲ್ಲದೆ ಥಂಬ್‌ನೇಲಿಗೆ ಬೇಕಾದ ಕೆಂಪು ಬಾಣ, ಬಾಯಿ ತೆರೆದ ಒಂದು ಮುಖ, "ಬೆಚ್ಚಿಬಿದ್ದ ಬೆಳಗಾವಿ" ಎಂಬ ಅಚ್ಚು ಕೊಡಲಾಗಿದೆ. ಎಷ್ಟು ಬಳಸಿದರೂ ಇವು ತೀರುವುದಿಲ್ಲ. ಬಾಣ ತೋರಿಸುವ ಜಾಗದಲ್ಲಿ ಏನಾದರೂ ಇರಲೇಬೇಕೆಂಬ ನಿಯಮವೂ ಇಲ್ಲ.

ತಾರೀಖು ಎಂಬ ಭಾಗ ಪೆಟ್ಟಿಗೆಯಲ್ಲಿಲ್ಲ. ಗಿರಾಕಿಗಳು ತಾವೇ ತಂದುಕೊಳ್ಳಬೇಕು.

ಯಂತ್ರ ನಡೆಯುವ ಬಗೆ

ಯೂಟ್ಯೂಬಿಗೆ ಏರಿದ ಮೊಟ್ಟಮೊದಲ ವಿಡಿಯೊ 2005ರ ಏಪ್ರಿಲ್ 23ರದು. ಸ್ಥಾಪಕರಲ್ಲೊಬ್ಬನಾದ ಜಾವೇದ್ ಕರೀಂ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಲು ಉದ್ದ ಎಂದು ಹೇಳಿ 19 ಸೆಕೆಂಡಿನಲ್ಲಿ ಮುಗಿಸಿದ. ನಮ್ಮ ಖಾನಾಪುರ ತಾಲ್ಲೂಕಿನ ರೈತ ಹಾಕುವ ವಿಡಿಯೊದಲ್ಲೂ ಆನೆಯೇ ಇರುತ್ತದೆ. ಅದು ಅವನ ಭತ್ತದ ಗದ್ದೆಯೊಳಗೆ ನಿಂತಿರುತ್ತದೆ, ನಡುವೆ ಬೇಲಿ ಇರುವುದಿಲ್ಲ, 19 ಸೆಕೆಂಡಿನಲ್ಲಿ ಮುಗಿಯುವ ಮಾತೂ ಅಲ್ಲ. ಆನೆ ಯಾವ ಊರಿನ ಯಾವ ದಿಕ್ಕಿಗೆ ಹೊರಟಿದೆ ಎಂದು ಹೇಳುವ ನಡುಗುವ ಕೈಯ ಆ ವಿಡಿಯೊಕ್ಕಿಂತ ಒಳ್ಳೆಯ ಸುದ್ದಿಯನ್ನು ನಾನು ಈ ಭಾಗದ ಯಾವ ಚಾನೆಲಿನಲ್ಲೂ ನೋಡಿಲ್ಲ.

ರೊಕ್ಕದ ಲೆಕ್ಕ ಹೀಗಿದೆ: ಉದ್ದ ವಿಡಿಯೊಗಳ ದಾರಿಯಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ತಾಸಿನ ವೀಕ್ಷಣೆ ಆಗಬೇಕು. ಚಂದಾದಾರರನ್ನು ಮದುವೆ, ಸತ್ಯನಾರಾಯಣ ಪೂಜೆ, ಬಾರಸೆಗಳಲ್ಲಿ ಹಿಡಿಯಬಹುದು. ಊಟಕ್ಕೆ ಕೂತವರು ಎದ್ದು ಓಡುವಂತಿಲ್ಲ. 4,000 ತಾಸು ಮಾತ್ರ ಪಂಕ್ತಿಯಲ್ಲಿ ಸಿಗುವುದಿಲ್ಲ. ನನ್ನ ಅಳಿಯ ಮನೆಯ ಮೂರು ಫೋನುಗಳಲ್ಲಿ ರಾತ್ರಿಯಿಡೀ ತನ್ನದೇ ಚಾನೆಲ್ ಹಚ್ಚಿಟ್ಟು ಮಲಗಿದ. ಬೆಳಿಗ್ಗೆ ತಾಸು ಏರಿರಲಿಲ್ಲ, ಫೋನುಗಳು ಬಿಸಿಯಾಗಿದ್ದವು.

ಹೆಸರು ಮತ್ತು ಭಾಷೆಯ ಗುಂಡಿ

ಟ್ಯಾಗಿನಲ್ಲಿ ಬೆಳಗಾವಿ, ಬೆಳಗಾಂವ, ಬೆಲ್ಗಾಮ್ ಮೂರನ್ನೂ ಹಾಕಿರಿ. ಸರ್ಕಾರ 2014ರ ನವೆಂಬರ್ 1ರಂದು ಹೆಸರು ಬದಲಿಸಿತು. ಹುಡುಕುವವರ ಬೆರಳು ಇನ್ನೂ ಬದಲಾಗುತ್ತಿದೆ.

ಇಲ್ಲಿ ಭಾಷೆಯ ಗುಂಡಿಯನ್ನು ಒಂದೇ ಕಡೆ ತಿರುಗಿಸಿ ಬಿಡಲಾಗದು. ಗಣಪತ ಗಲ್ಲಿಯಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮರಾಠಿಯಲ್ಲಿ ಉತ್ತರ ಬರುತ್ತದೆ, ನಡುವೆ ಯಾರೋ ಹಿಂದಿಯಲ್ಲಿ ತಿದ್ದುತ್ತಾರೆ, ಮೂವರೂ ಕೊನೆಗೆ ಒಂದೇ ಚಹಾದಂಗಡಿಗೆ ಹೋಗುತ್ತಾರೆ. ಇದನ್ನು ಯಾರೂ ಚಿತ್ರೀಕರಿಸುವುದಿಲ್ಲ, ಏಕೆಂದರೆ ಇದರಲ್ಲಿ ಬಾಣ ಹಾಕಲು ಜಾಗವಿಲ್ಲ.

ಎಚ್ಚರಿಕೆ: ಈ ಗುಂಡಿ ಬಿಸಿಯಾದರೆ ಮುಟ್ಟಬೇಡಿ. 2025ರ ಫೆಬ್ರವರಿ 21ರಂದು ಬೆಳಗಾವಿ ಹತ್ತಿರ ಬಸ್ಸಿನಲ್ಲಿ ಟಿಕೆಟ್ಟಿನ ಮಾತು ಭಾಷೆಯ ಮಾತಾಗಿ ಕಂಡಕ್ಟರರ ಮೇಲೆ ಹಲ್ಲೆಯಾಯಿತು. ಒಂದೆರಡು ದಿನದೊಳಗೆ ಕರ್ನಾಟಕ, ಮಹಾರಾಷ್ಟ್ರಗಳ ನಡುವಿನ ಬಸ್ಸುಗಳೇ ನಿಂತವು, ಮಾರ್ಚ್ 22ಕ್ಕೆ ಕರ್ನಾಟಕ ಬಂದ್ ಆಯಿತು. ಬಸ್ಸು ನಿಂತ ವಾರ ನನ್ನ ಫೋನಿಗೆ ಬಂದ ವಿಡಿಯೊಗಳಲ್ಲಿ ಎಷ್ಟು ಆ ದಿನದವು, ಎಷ್ಟು ಹಿಂದಿನ ಯಾವುದೋ ಜಗಳದವು ಎಂದು ಬಿಡಿಸಲು ಆಗಲಿಲ್ಲ. ಎಲ್ಲದರ ಮೇಲೂ ಒಂದೇ ಬರಹ: "ಈಗ ತಾನೇ." ಕೊಲ್ಹಾಪುರಕ್ಕೆ ಹೋಗಬೇಕಿದ್ದ ನಮ್ಮ ಪಕ್ಕದ ಮನೆಯ ಅಜ್ಜಿಗೆ ಬೇಕಾದದ್ದು ಒಂದೇ ಮಾತು. ಬಸ್ ಐತೋ ಇಲ್ಲೋ? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಉತ್ಸವದಲ್ಲಿ ಬಳಸುವಾಗ

ಬೆಳಗಾವಿಯ ಗಣಪತಿ ವಿಸರ್ಜನೆಯ ಮೆರವಣಿಗೆ ಮರುದಿನ ಮಧ್ಯಾಹ್ನವಾದರೂ ಮುಗಿಯದು. ಲೈವ್ ಹಚ್ಚುವವರು ಬ್ಯಾಟರಿಯಷ್ಟೇ ಅಲ್ಲ, ಬುತ್ತಿಯನ್ನೂ ಒಯ್ಯಬೇಕು. ಆದರೆ ಅಪಾಯ ಇರುವುದು ಡಿಜೆಯಲ್ಲಿ. ಯೂಟ್ಯೂಬಿನ ಯಂತ್ರಕ್ಕೆ ಗಣಪತಿಯ ಗುರುತು ಸಿಗುವುದಿಲ್ಲ, ಹಾಡಿನ ಗುರುತು ಸಿಗುತ್ತದೆ. ಆ ಹಾಡಿನ ಹಕ್ಕು ಯಾವುದೋ ಕಂಪನಿಯದು. ಅದು ಕೇಳಿದರೆ ನಿಮ್ಮ ಜಾಹೀರಾತಿನ ರೊಕ್ಕ ಅದಕ್ಕೇ ಹೋದೀತು, ಇಲ್ಲವೇ ಲೈವ್ ನಡುವೆಯೇ ಕಡಿದೀತು. ಕಪಿಲೇಶ್ವರ ಹೊಂಡದ ದಂಡೆಗೆ ಮೂರ್ತಿ ಬಂದು, ಜನ ಕೈ ಮುಗಿದು, ಇನ್ನೇನು ನೀರಿಗೆ ಇಳಿಸಬೇಕು ಎನ್ನುವಾಗ ನನ್ನ ಅಳಿಯನ ಪರದೆ ಕಪ್ಪಾಯಿತು. "ಮಾಮಾ, ಗಣಪತಿ ಮುಳಗೂಕಿಂತ ಮೊದಲ ನಾನ ಮುಳಗಿದೆ" ಅಂದ. ಪರಿಹಾರ: ಢೋಲ್‌ ತಾಶೆಯ ಮಂಡಳ ಹುಡುಕಿ ಅದರ ಹಿಂದೆ ನಡೆಯಿರಿ. ಢೋಲಿನ ಹಕ್ಕು ಇನ್ನೂ ಯಾರೂ ಕೇಳಿಲ್ಲ.

ಮಳೆಗಾಲದಲ್ಲಿ ಬಳಸುವಾಗ

ಜುಲೈ ತಿಂಗಳಲ್ಲಿ ಮೂರು ವಿಡಿಯೊ ಕಡ್ಡಾಯ: ರಕ್ಕಸಕೊಪ್ಪ ಜಲಾಶಯ ತುಂಬಿತು, ಬಳ್ಳಾರಿ ನಾಲಾ ಹೊಲಕ್ಕೆ ನುಗ್ಗಿತು, ಖಾನಾಪುರದಲ್ಲಿ ಮಲಪ್ರಭೆ ಏರಿತು. ಇವನ್ನು ಪ್ರತಿ ವರ್ಷ ಹೊಸದಾಗಿ ತೆಗೆಯಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2019ರ ಆಗಸ್ಟಿನ ಪ್ರವಾಹ ಯೂಟ್ಯೂಬಿನಲ್ಲಿ ಇನ್ನೂ ಇಳಿದಿಲ್ಲ. ಆ ವರ್ಷದ ನೀರನ್ನು ಈ ವರ್ಷದ ಸೇತುವೆಯ ಮೇಲೆ ಹರಿಸಿ, ಸಂಬಂಧಿಕರಿಗೆಲ್ಲ ಫೋನು ಮಾಡಿಸಿದವರು ನಮ್ಮಲ್ಲಿದ್ದಾರೆ. ಗುರುತಿಸುವ ಉಪಾಯ ಸರಳ: ದೃಶ್ಯದಲ್ಲಿರುವ ಅಂಗಡಿಯ ಬೋರ್ಡು ನೋಡಿರಿ. ಮುಚ್ಚಿಹೋದ ಅಂಗಡಿ ತೆರೆದಿದ್ದರೆ ನೀರು ಹಳೆಯದು.

"ಯಾರೂ ನೋಡದ ಗುಪ್ತ ಜಲಪಾತ" ಎಂಬ ವಿಡಿಯೊ ಹಾಕಬೇಡಿ. ನೀವು ಹಾಕಿದ ಮರು ರವಿವಾರ ಅದು ಗುಪ್ತವಾಗಿ ಉಳಿಯುವುದಿಲ್ಲ. ಗವ್ವಾಳಿ ಕಡೆಯ ವಜ್ರಪೋಹ ಜಲಪಾತಕ್ಕೆ ದಾರಿ ತೋರಿಸುವ ಹುಡುಗರು ಮಳೆಯಲ್ಲಿ ಕಾಡಿಗೆ ನುಗ್ಗುತ್ತಾರೆ, ಅರಣ್ಯ ಇಲಾಖೆ ನಿಷೇಧ ಹಾಕುತ್ತದೆ, ಆಮೇಲೆ ನಿಷೇಧದ ಬಗ್ಗೆ ಇನ್ನೊಂದು ವಿಡಿಯೊ.

ಅದೇ ಕಾಡಿನ ಇನ್ನೊಂದು ದೃಶ್ಯ ಹೇಳುತ್ತೇನೆ. 2024ರ ಮಳೆಗಾಲದಲ್ಲಿ ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವದಿಂದ ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು ಊರ ಜನ ಹೆಗಲ ಮೇಲೆ ಹೊತ್ತು, ಕೆಸರು ತುಳಿದು ಮೈಲಿಗಟ್ಟಲೆ ನಡೆದರು. ಆ ವಿಡಿಯೊಕ್ಕೆ ಬಾಣವೂ ಇರಲಿಲ್ಲ, ಹಿನ್ನೆಲೆ ಸಂಗೀತವೂ ಇರಲಿಲ್ಲ. ಹೊತ್ತವರ ಏದುಸಿರೇ ಸಾಕಾಗಿತ್ತು. ರಸ್ತೆ ಇಲ್ಲ, ಸೇತುವೆ ಇಲ್ಲ ಎಂಬುದನ್ನು ಇಡೀ ನಾಡು ನೋಡಿದ್ದು ಹಾಗೆ. ಇಂಥದನ್ನು ತೆಗೆಯುವುದು ಹೇಗೆ ಎಂದು ಕೈಪಿಡಿಯಲ್ಲಿ ಬರೆಯಲಾಗದು. ತೆಗೆದವರು ಹೊರುವ ಸರದಿ ಬಂದಾಗ ಫೋನು ಕಿಸೆಗೆ ಇಟ್ಟಿರಬೇಕು ಎಂದಷ್ಟೇ ನನ್ನ ಊಹೆ.

ಕಣಕುಂಬಿಗೆ ಒಯ್ದರೆ

ಕಣಕುಂಬಿಯಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತದೆ. ಒಂದು ಮಲಪ್ರಭೆಯಾಗಿ ಮೂಡಣಕ್ಕೆ, ಇನ್ನೊಂದು ಕಳಸಾ ನಾಲೆಯಾಗಿ ಮಹದಾಯಿ ಸೇರಿ ಪಡುವಣದ ಗೋವಾಕ್ಕೆ. ಮಹದಾಯಿ ನೀರಿನ ಜಗಳದ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ನೀರಿನ್ನೂ ಮಲಪ್ರಭೆಯ ಕಡೆ ತಿರುಗಿಲ್ಲ, ಕ್ಯಾಮೆರಾಗಳು ಮಾತ್ರ ತಿರುಗುತ್ತಲೇ ಇವೆ. ಒಂದೇ ನಾಲೆಯ ದಂಡೆಗೆ ಗೋವಾದ ಚಾನೆಲ್ಲೂ ಬರುತ್ತದೆ, ನಮ್ಮದೂ ಹೋಗುತ್ತದೆ. ಅವರು ನಾಲೆಗೆ ಬೆನ್ನು ಮಾಡಿ, ನೀರು ಕದ್ದರು ಎನ್ನುತ್ತಾರೆ. ನಾವು ಅದೇ ನಾಲೆಗೆ ಬೆನ್ನು ಮಾಡಿ, ನೀರು ಬರಲಿಲ್ಲ ಎನ್ನುತ್ತೇವೆ. ನನ್ನ ಅಳಿಯ ಅಲ್ಲಿನ ಹಿರಿಯರೊಬ್ಬರ ಮುಂದೆ ಮೈಕು ಹಿಡಿದು "ಕಳಸಾ ಬಗ್ಗೆ ಏನ್ ಹೇಳ್ತೀರಿ ಅಜ್ಜಾರ?" ಅಂದ. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಸಂಜೆಯ ಬಸ್ಸು ಎರಡು ದಿನದಿಂದ ಬಂದಿಲ್ಲ, ಅದನ್ನು ಬೇಕಾದರೆ ಹಾಕು. ಅವನು ಹಾಕಲಿಲ್ಲ. ಅವತ್ತಿನ ಸುದ್ದಿ ಅದೊಂದೇ ಆಗಿತ್ತು ಎಂದು ಈಗಲೂ ಅವನೊಡನೆ ವಾದಿಸುತ್ತೇನೆ.

ಚಳಿಗಾಲದಲ್ಲಿ ಬಳಸುವಾಗ

ಡಿಸೆಂಬರಿನ ಅಧಿವೇಶನ ಬಂದರೆ ಸುವರ್ಣ ವಿಧಾನಸೌಧದ ಸುತ್ತ ಚಾನೆಲ್ಲುಗಳೇ ಚಾನೆಲ್ಲು. ಆ ಹದಿನೈದು ದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಉಳಿದ ಹನ್ನೊಂದೂವರೆ ತಿಂಗಳಿನ ಬಗ್ಗೆ ಒಂದು ಎಚ್ಚರಿಕೆ ಇದೆ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಆ ಸೌಧದ ಮುಂದೆ 2022ರ ಬೇಸಿಗೆಯಲ್ಲಿ ಯಾರೋ ಶಾವಿಗೆ, ಹಪ್ಪಳ ಒಣಹಾಕಿದ್ದು ಮೊಬೈಲಿನಲ್ಲಿ ಸೆರೆಯಾಯಿತು. ಒಳ್ಳೆ ಬಿಸಿಲು, ಹಾಸುಗಲ್ಲು, ಬಿಳಿ ಬಟ್ಟೆಯ ಮೇಲೆ ಎಳೆಎಳೆ ಶಾವಿಗೆ. ಚಿತ್ರ ಚೆಂದವೇ ಇತ್ತು. ನಾಡೆಲ್ಲ ನಕ್ಕಿತು. ಅದಕ್ಕಾಗಿ ಅಲ್ಲಿ ಕಸಗುಡಿಸುತ್ತಿದ್ದ ಬಡ ಹೆಂಗಸು ಕೆಲಸ ಕಳೆದುಕೊಂಡಳು. ಆಮೇಲೆ ಅದೇ ನಾಡು ಮರುಗಿತು, ಅವಳಿಗೆ ಕೆಲಸ ಮರಳಿ ಸಿಕ್ಕಿತು. ಹಂಚುವ ಗುಂಡಿ ಒತ್ತುವಾಗ ಆ ಕಡೆ ಯಾರ ಪಗಾರ ನಿಲ್ಲುತ್ತದೆ ಎಂದು ಪರದೆ ತೋರಿಸುವುದಿಲ್ಲ. ಈ ದೋಷಕ್ಕೆ ತಯಾರಕರ ಬಳಿ ಬಿಡಿಭಾಗ ಸಿಗುವುದಿಲ್ಲ.

ದೋಷ ಮತ್ತು ಪರಿಹಾರ

ಡಿಸ್‌ಲೈಕ್ ಎಷ್ಟೆಂದು ಕಾಣುತ್ತಿಲ್ಲ: 2021ರ ನವೆಂಬರಿನಿಂದ ಯೂಟ್ಯೂಬ್ ಅದನ್ನು ನೋಡುಗರಿಂದ ಮರೆಮಾಡಿದೆ. ನಿಮಗೊಬ್ಬರಿಗೇ ಕಾಣುತ್ತದೆ, ನೋಡಿ, ಒಬ್ಬರೇ ಅಳಿರಿ.

ಚಾನೆಲ್ ಬಂದ್ ಆಗಿದೆ: ತೊಂಬತ್ತು ದಿನದೊಳಗೆ ಮೂರು ಸಲ ನಿಯಮ ಮುರಿದಿರಬೇಕು. ಯಾರದೋ ಪಿತೂರಿ ಎಂದು ಹೇಳಿಕೊಂಡು ಹೊಸ ಚಾನೆಲ್ ತೆರೆಯುವುದು ರೂಢಿ. ಹಾಗೆ ಕೂಡಲೇ ತೆರೆಯಬಾರದು ಎಂಬುದು ನಿಯಮ.

ಪೋಸ್ಟ್ ಗುಂಡಿ

ವಿಡಿಯೊ ಇಲ್ಲದೆ ನಾಲ್ಕು ಸಾಲು ಬರೆದು ಊರಿಗೆ ಸುದ್ದಿ ಮುಟ್ಟಿಸಲು 2016ರಲ್ಲಿ ಈ ಗುಂಡಿ ಬಂತು. ಇಡೀ ಯಂತ್ರದಲ್ಲಿ ಅತಿ ಉಪಯೋಗದ ಭಾಗ ಇದು, ಅತಿ ಕಡಿಮೆ ಬಳಕೆಯದೂ ಇದೇ. ಹೆಸ್ಕಾಂನವರು ಯಾವ ಭಾಗದ ಕರೆಂಟ್ ತೆಗೆಯುತ್ತಾರೆ, ಜಾಂಬೋಟಿ ರಸ್ತೆಯಲ್ಲಿ ಮರ ಬಿದ್ದಿದೆಯೋ, ಯಾರು ತೀರಿಕೊಂಡರು, ಅಂತ್ಯಯಾತ್ರೆ ಎಷ್ಟಕ್ಕೆ. ಜನ ಬೆಳಿಗ್ಗೆ ಎದ್ದು ಹುಡುಕುವುದು ಇದನ್ನೇ. ಬೆಳಗಾವಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ನೀರಿನದು. ಕೆಲವು ವಾರ್ಡುಗಳಿಗೆ 2008ರ ಸುಮಾರಿನಿಂದ ಇಪ್ಪತ್ತನಾಲ್ಕು ತಾಸು ನೀರಿದೆ. ಉಳಿದವರು ದಿನ ಎಣಿಸುತ್ತಾರೆ.

ಅಳಿಯನಿಗೆ ಇದನ್ನು ನಾನೇ ಹೇಳಿಕೊಟ್ಟೆ. ಅವನು ಒಂದು ಸೋಮವಾರ ಬರೆದ: "ನಾಳೆ ನಸುಕಿನಲ್ಲಿ ವಡಗಾಂವಕ್ಕೆ ನೀರು." ಮಂಗಳವಾರ ನೀರು ಬಂತು, ಅವರ ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಆ ಪೋಸ್ಟು ಅವನ ಅವ್ವನ, ಅಂದರೆ ನನ್ನ ಅಕ್ಕನ ಫೋನಿಗೆ ಬಂದದ್ದು ಗುರುವಾರ ರಾತ್ರಿ. ಯಾರಿಗೆ ಯಾವಾಗ ಏನು ತೋರಿಸಬೇಕು ಎಂಬುದು ಯೂಟ್ಯೂಬಿನ ಮರ್ಜಿ. ಶುಕ್ರವಾರ ನಾಲ್ಕಕ್ಕೆ ಎದ್ದ ಅಕ್ಕ ಬ್ಯಾರಲ್ ತೊಳೆದು, ಐದು ಕೊಡ ಸಾಲಾಗಿ ಇಟ್ಟು, ನಲ್ಲಿಗೆ ಪೈಪು ಹಚ್ಚಿ, ಸೆರಗು ಹೊದ್ದು ಕೂತಳು. ನಲ್ಲಿ ಎರಡು ಸಲ ಸುಂಯ್ ಅಂದು ಸುಮ್ಮನಾಯಿತು. ಆರೂವರೆಗೆ ಒಳಗೆ ಹೋಗಿ ಮಗನ ಚಾದರ ಎಳೆದು ಕೇಳಿದಳು:

"ನಿನ್ನ 'ನಾಳೆ' ಯಾವತ್ತ ಬರತೈತೋ?"

ಪೋಸ್ಟಿನ ಮೇಲೆ "3 ದಿನಗಳ ಹಿಂದೆ" ಎಂದು ಸಣ್ಣ ಅಕ್ಷರದಲ್ಲಿ ಇತ್ತಂತೆ. ಅಕ್ಕನ ಕನ್ನಡಕ ಆ ಹೊತ್ತಿಗೆ ದೇವರ ಮಾಡದಲ್ಲಿತ್ತು. ಅಂದಿನಿಂದ ಅವನು ವಾರ, ತಾರೀಖು, ತಾಸು ಮೂರನ್ನೂ ಬರೆದು ಆಮೇಲೆ ಊರಿನ ಹೆಸರು ಬರೆಯುತ್ತಾನೆ. "ನಾಳೆ", "ಈಗ ತಾನೇ" ಎರಡನ್ನೂ ಬಿಟ್ಟಿದ್ದಾನೆ. ನೀವೂ ಬಿಡಿರಿ.