ಓವನ್ ವೈನಿ

ಓವನ್ ವೈನಿ ‘ರುಚಿ ಹೆಂಗೈತಿ’ ಅಂತ ಯಾರನ್ನೂ ಕೇಳುವುದಿಲ್ಲ. ಅವರು ಕೇಳುವುದು ಒಂದೇ: “ಮೆತ್ತಗ ಐತಿಲ್ಲೋ? ಅಗದಾಗ ಒಂದೀಟು ಜಿಗಿ ಬರತೈತಿಲ್ಲೋ?” ಹೌದು ಅಂದರೆ ಕೈಗೆ ಇನ್ನೊಂದು ಕುಕ್ಕಿ ಬೀಳುತ್ತದೆ. ಇಲ್ಲ ಅಂದರೆ, ಯಾಕಿಲ್ಲ ಎಂಬುದನ್ನು ಪತ್ತೆ ಹಚ್ಚಲು ಎರಡು ಬೀಳುತ್ತವೆ. ಬಾಯಿ ಖಾಲಿ ಇಟ್ಟುಕೊಂಡು ಅವರ ಮನೆಯ ಕಟ್ಟೆ ದಾಟಿದವನನ್ನು ದೇವಿಕೊಪ್ಪದಲ್ಲಿ ನಾನಂತೂ ನೋಡಿಲ್ಲ.

ಇಂಥವರು ಈಗ ಊರಿಗೊಬ್ಬರು ಸಿಗುತ್ತಾರೆ. ಹುಬ್ಬಳ್ಳಿಯಲ್ಲಿ ಬೆಳೆದು, ಬಿ.ಕಾಂ. ಮುಗಿಸಿ, ಹೊಲ-ಟ್ರ್ಯಾಕ್ಟರ್ ಇರುವ ಮನೆಗೆ ಸೊಸೆಯಾಗಿ ಬಂದು, ಮೊದಲು ರೊಟ್ಟಿ ಬಡಿಯುವುದನ್ನು ಕಲಿತು, ಆಮೇಲೆ ಮಧ್ಯಾಹ್ನದ ಹೊತ್ತು ಕಳೆಯಲು ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡತೊಡಗಿದವರು. ಒಮ್ಮೆ ನೋಡಿದ ಮೇಲೆ ಮುಗಿಯಿತು. ಅಲ್ಲಿಂದಾಚೆ ರೊಟ್ಟಿ ಬಡಿಯುವುದು ಸಂಸಾರಕ್ಕೆ, ಕುಕ್ಕಿ ಬೇಯಿಸುವುದು ಆತ್ಮಕ್ಕೆ.

ಓವನ್ ಬಂದ ದಿನವೇ ಊರಲ್ಲೊಂದು ತಪ್ಪು ಸುದ್ದಿ ಹಬ್ಬಿತು. ನಮ್ಮ ಕಲಘಟಗಿ ತಾಲೂಕು ಬಣ್ಣದ ತೊಟ್ಟಿಲಿಗೆ ಹೆಸರಾದದ್ದು ನಿಮಗೆ ಗೊತ್ತು. ಆ ತೊಟ್ಟಿಲನ್ನು ಕಂಡಕಂಡವರ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಸುತ್ತಿ ಒಯ್ಯುವುದು ವಾಡಿಕೆ. ಓವನ್ ಬಂದದ್ದು ಮಳೆಗಾಲದಲ್ಲಿ. ಅಣ್ಣ, ಅಂದರೆ ವೈನಿಯ ಗಂಡ, ಪೆಟ್ಟಿಗೆ ನೆನೆಯಬಾರದೆಂದು ಚಾದರ ಹೊದಿಸಿ ಟಂಟಂನಿಂದ ಇಳಿಸಿದರು. ಸಂಜೆಯೊಳಗೆ ನಾಲ್ಕು ಮನೆಯವರು ಬಂದು ವೈನಿಗೆ ಉಡಿ ತುಂಬುವ ದಿನ ಯಾವುದೆಂದು ಕೇಳಿ ಹೋದರು. ಅತ್ತಿಯವರು ಒಳಗೆ ಹೋಗಿ ಚಾದರ ಎತ್ತಿ ನೋಡಿದರು. ಗಾಜಿನ ಬಾಗಿಲು, ಒಳಗೆ ಕಬ್ಬಿಣದ ಜಾಳಿಗೆ. “ಇದರಾಗ ಕೂಸು ಮಲಗಂಗಿಲ್ಲ ಬಿಡು” ಅಂತ ಹೊರಗೆ ಬಂದವರು ಒಂದು ವಾರ ಓವನ್ನಿನ ಮುಖ ನೋಡಲಿಲ್ಲ.

ವೈನಿಯ ಕುಕ್ಕಿ ಪಾಠ ಹೀಗಿದೆ: ಒಂದೂವರೆ ಕಪ್ ಓಟ್ಸ್, ಒಂದು ಕಪ್ ಮೈದಾ, ಅರ್ಧ ಕಪ್ ಬೆಣ್ಣೆ, ಮುಕ್ಕಾಲು ಕಪ್ ಬ್ರೌನ್ ಶುಗರ್, ಅರ್ಧ ಚಮಚೆ ಅಡುಗೆ ಸೋಡಾ, ಚಿಟಿಕೆ ಉಪ್ಪು, ಮುಕ್ಕಾಲು ಕಪ್ ಚಾಕಲೇಟ್ ಚಿಪ್ಸ್, ಒಂದು ತತ್ತಿ. ತತ್ತಿ ಎಂಬಲ್ಲಿಗೆ ಬಂದಾಗ ಲಿಂಗಾಯತರ ಅಡುಗೆಮನೆ ಗಪ್ಪಾಯಿತು. ವಿಡಿಯೊದಾಕೆ ಅದಕ್ಕೂ ದಾರಿ ಹೇಳಿದ್ದಳು. ಒಂದು ಚಮಚೆ ಅಗಸಿ ಪುಡಿಯನ್ನು ಮೂರು ಚಮಚೆ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗಿ, ತತ್ತಿಯ ಬದಲು ಹಿಟ್ಟನ್ನು ಹಿಡಿದಿಡುತ್ತದೆ. ಅಗಸಿ ನಮ್ಮ ಕಡೆಯ ಯಾವ ಮನೆಯಲ್ಲಿ ಇಲ್ಲ? ಅತ್ತಿಯವರು ಮೊದಲ ಸಲ ಮನಸ್ಸು ಕರಗಿ ತಾವೇ ಡಬ್ಬಿ ತಂದುಕೊಟ್ಟರು. ಅದು ಅಗಸಿ ಹಿಂಡಿ. ಬಳ್ಳೊಳ್ಳಿ, ಒಣಮೆಣಸಿನಕಾಯಿ, ಹುಣಸಿಹಣ್ಣು ಎಲ್ಲ ಕುಟ್ಟಿ ಹಾಕಿದ್ದು. ಆ ದಿನದ ಕುಕ್ಕಿ ತಿಂದ ಅಣ್ಣ ಒಬ್ಬರೇ, “ಇದಕ್ಕೊಂದೀಟು ಮೊಸರಿದ್ರ ಚಲೋ ಆಗ್ತಿತ್ತು” ಅಂದರಂತೆ.

ಓವನ್ ವೈನಿಗೆ ಇತಿಹಾಸವೂ ಗೊತ್ತಿರುತ್ತದೆ. ಕುಬುಸದ ಮನೆಗೆ ಹೋಗಲಿ, ಅರಿಶಿಣ-ಕುಂಕುಮಕ್ಕೆ ಹೋಗಲಿ, ಅಮೆರಿಕದ ರೂತ್ ವೇಕ್‌ಫೀಲ್ಡ್ ಕತೆ ಬಂದೇ ಬರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ವಿಟ್ಮನ್ ಎಂಬ ಊರಲ್ಲಿ ಟೋಲ್ ಹೌಸ್ ಎಂಬ ಖಾನಾವಳಿ ನಡೆಸುತ್ತಿದ್ದ ಆಕೆ, 1938ರ ಸುಮಾರಿಗೆ ಚಾಕಲೇಟ್ ಗಡ್ಡೆಯನ್ನು ಒಡೆದು ಚೂರು ಮಾಡಿ ಬಿಸ್ಕೀಟಿನ ಹಿಟ್ಟಿಗೆ ಬೆರೆಸಿದಳು. ಜಗತ್ತಿನ ಚಾಕಲೇಟ್ ಚಿಪ್ ಕುಕ್ಕಿಗಳೆಲ್ಲ ಅದರ ಸಂತತಿ. ವೈನಿ ಇದನ್ನು ಕೈ ತಿರುವಿ, ಕಣ್ಣರಳಿಸಿ ಹೇಳುವಾಗ ಹೆಂಗಸರೆಲ್ಲ ಬಾಯ್ತೆರೆದು ಕೇಳುತ್ತಾರೆ. ಅತ್ತಿಯವರಿಗೆ ಮಾತ್ರ ಒಂದೇ ಸಂಶಯ ಉಳಿದಿದೆ: “ಅಷ್ಟೆಲ್ಲಾ ಚಾಕಲೇಟ ಹಾಳು ಮಾಡಿದ್ಳಲ್ಲ, ಆಕಿ ಅತ್ತಿ ಏನಂದ್ಳು?”

ಹಾಸ್ಯ ಬದಿಗಿಟ್ಟು ಒಂದು ಮಾತು ಒಪ್ಪಲೇಬೇಕು. ಮೆತ್ತಗೆ ಬರಬೇಕೆಂದು ವೈನಿ ಪಟ್ಟಿರುವಷ್ಟು ಪಾಡನ್ನು ನಮ್ಮ ಊರಿನವರ್ಯಾರೂ ಪಿಎಚ್.ಡಿ.ಗೂ ಪಟ್ಟಿಲ್ಲ. ಬ್ರೌನ್ ಶುಗರ್ ಎಂದರೆ ಕಾಕಂಬಿ ಉಳಿದಿರುವ ಸಕ್ಕರೆ. ಆ ಕಾಕಂಬಿ ನೀರಿನಂಶವನ್ನು ಹಿಡಿದಿಡುವುದರಿಂದ ಕುಕ್ಕಿ ಆರಿದ ಮೇಲೂ ಒಣಗುವುದಿಲ್ಲ. ಬಿಳಿ ಸಕ್ಕರೆಯನ್ನೇ ಸುರಿದರೆ ಕುರುಕಲಾಗುತ್ತದೆ. ಬ್ರೌನ್ ಶುಗರ್ ಕಲಘಟಗಿ ಸಂತೆಯಲ್ಲಿ ಎಲ್ಲಿ ಸಿಗಬೇಕು? ವೈನಿ ಬೆಲ್ಲದ ಪುಡಿಗೆ ಯಲ್ಲಾಪುರದ ಕಡೆಯ ಜೋನಿ ಬೆಲ್ಲ ಒಂದು ಚಮಚೆ ಸೇರಿಸಿದರು. ಮೊದಲ ಸಲ ಜೋನಿ ಬೆಲ್ಲ ಧಾರಾಳವಾಗಿ, ಹಿಟ್ಟು ಹರಿದು ತಟ್ಟೆಗೆ ತಟ್ಟೆಯೇ ಒಂದು ಕುಕ್ಕಿ ಆಯಿತು. ಅದನ್ನು ಚಾಕುವಿನಿಂದ ಚೌಕಾಕಾರ ಕೊಯ್ದು ‘ಬರ್ಫಿ’ ಅಂತ ಹಂಚಿದರು. ಆಮೇಲೆ ಹಿಟ್ಟನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಡುವುದು ಕಲಿತರು. ಬೆಣ್ಣೆ ಗಟ್ಟಿಯಾದರೆ ಹರಿಯುವುದು ಕಡಿಮೆ, ಓಟ್ಸ್ ನೀರು ಕುಡಿಯಲೂ ಹೊತ್ತು ಸಿಗುತ್ತದೆ. ಕೊನೆಯ ಗುಟ್ಟು ಎಲ್ಲಕ್ಕಿಂತ ದೊಡ್ಡದು. 180 ಡಿಗ್ರಿಯಲ್ಲಿ ಹನ್ನೊಂದು-ಹನ್ನೆರಡು ನಿಮಿಷಕ್ಕೆ ಅಂಚು ಕೆಂಪಗಾಗಿ, ನಡುವೆ ಇನ್ನೂ ಹಸಿ ಎನಿಸುವಾಗಲೇ ಹೊರಗೆ ತೆಗೆಯಬೇಕು. ಉಳಿದದ್ದು ತಟ್ಟೆಯ ಕಾವಿಗೇ ಬೇಯುತ್ತದೆ, ಆರುತ್ತ ಗಟ್ಟಿಯಾಗುತ್ತದೆ.

ಮನೆಯ ಮಹಾಭಾರತ ಶುರುವಾಗುವುದು ಇಲ್ಲಿ. ಹಸಿ ಇದ್ದಾಗಲೇ ಒಲೆಯಿಂದ ಇಳಿಸುವುದನ್ನು ಧಾರವಾಡ ಜಿಲ್ಲೆಯ ಯಾವ ಅತ್ತಿಯೂ ಒಪ್ಪಿದ್ದಿಲ್ಲ.

“ಅಲ್ಲವಾ, ನಡಕ ಹಸಿ ಐತಿ. ಇನ್ನೊಂದೀಟು ಬೇಯಿಸು.”

“ಹಂಗ ಇರಬೇಕ್ರೀ ಅತ್ತಿ. ಅದಕ್ಕ ಚೂಯಿ ಅಂತಾರ.”

“ಚೂಯಿನೂ ಬ್ಯಾಡ, ಗೀಯಿನೂ ಬ್ಯಾಡ. ಬಂದವ್ರ ಹೊಟ್ಟಿ ಕೆಟ್ರ ಕಲಘಟಗಿ ದವಾಖಾನಿಗೆ ನೀನ ಕರಕೊಂಡು ಹೋಗು.”

ವೈನಿ ನೀರು ತರಲು ಹಿತ್ತಲಿಗೆ ಹೋದರೆ ಸಾಕು, ಅತ್ತಿಯವರು ಓವನ್ನಿನ ಗುಂಡಿಯನ್ನು ಇನ್ನೊಂದು ಸುತ್ತು ತಿರುವಿಬಿಡುತ್ತಾರೆ. ನ್ಯಾಯವಾಗಿ ನೋಡಿದರೆ ಅವರ ಪಕ್ಷವೂ ಗಟ್ಟಿಯೇ. ನಮ್ಮ ಕಡೆ ಬಿಸ್ಕೀಟು ಅಂದರೆ ದೀಪಾವಳಿಯ ಹೊತ್ತಿಗೆ ಹಿಟ್ಟು, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ಬೇಕರಿ ಭಟ್ಟಿಗೆ ಹೋಗಿ, ಸರದಿಯಲ್ಲಿ ನಿಂತು, ಡಬ್ಬಿಗಟ್ಟಲೆ ಮಾಡಿಸಿಕೊಂಡು ಬರುವ ಪದಾರ್ಥ. ಅದು ಕಟುಂ ಅನ್ನಬೇಕು, ಚಹಾದಲ್ಲಿ ಅದ್ದಿದರೆ ಮೆತ್ತಗಾಗಬೇಕು. ಮೆತ್ತಗೆ ಮಾಡುವುದು ಚಹಾದ ಕೆಲಸ. ಮೊದಲೇ ಮೆತ್ತಗಿದ್ದರೆ ಚಹಾ ಯಾತಕ್ಕೆ? ವೈನಿಯ ಕುಕ್ಕಿಯನ್ನು ನಾನು ಅದ್ದಿ ನೋಡಿದ್ದೇನೆ: ಚಾಕಲೇಟ್ ಕರಗಿಹೋಗುತ್ತದೆ, ಓಟ್ಸ್ ತಳ ಸೇರುತ್ತದೆ, ಬೆರಳಿಗೆ ಏನೂ ಉಳಿಯುವುದಿಲ್ಲ.

ಮಾವನವರ ತಕರಾರು ಬೇರೆಯೇ. ಓಟ್ಸ್ ಪಾಕೀಟು ಬಿಚ್ಚಿ, ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡು, ಮೂಸಿ ತೀರ್ಪು ಕೊಟ್ಟರು: “ಇದು ದನದ ಮೇವಲ್ಲೇನು!” ನಗಬೇಡಿ. ನಮ್ಮ ದೇಶದಲ್ಲಿ ಓಟ್ಸನ್ನು ಹೆಚ್ಚಾಗಿ ಬೆಳೆಯುವುದು ಹಸಿರು ಮೇವಿಗೇ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇದೆ. ಹೈನಿನ ದನ ಕಟ್ಟಿರುವ ಮಾವನವರಿಗೆ ಆ ಲೆಕ್ಕವೆಲ್ಲ ಬಾಯಿಪಾಠ. “ಎಮ್ಮಿಗೆ ಹಾಕೋದು ನಮಗ, ನಾವು ತಿನ್ನೋ ಜ್ವಾಳ ಎಮ್ಮಿಗೆ. ನಡೀಲಿ” ಅಂದರು. ಆದರೂ ಸೊಸೆಯ ಮನಸ್ಸು ನೋಯಬಾರದೆಂದು ಒಂದನ್ನು ಬಾಯಿಗಿಟ್ಟರು. ವೈನಿ ಬಯಸಿದ ಜಿಗಿ ಅಂದು ಪೂರಾ ಬಂದಿತ್ತು. ಮೇಲಿನ ಹಲ್ಲಿನ ಸೆಟ್ಟು ಕುಕ್ಕಿಯ ಜೊತೆಗೇ ಹೊರಗೆ ಬಂತು.

ಇನ್ನು ಕರೆಂಟು. ಓವನ್ 1,500 ವ್ಯಾಟಿನದು. ಕಾಡಂಚಿನ ಊರು, ಆಷಾಢದ ಗಾಳಿ, ತಂತಿಯ ಮೇಲೆ ಟೊಂಗೆ. ಕರೆಂಟು ಹೋಗುವುದಕ್ಕೂ ಕುಕ್ಕಿ ಉಬ್ಬತೊಡಗುವುದಕ್ಕೂ ಏನೋ ಒಳಒಪ್ಪಂದ ಇದ್ದಂತಿದೆ. ವೈನಿ ಅದಕ್ಕೂ ಜಗ್ಗಲಿಲ್ಲ. ದೊಡ್ಡ ಕುಕ್ಕರಿನ ತಳದಲ್ಲಿ ಉಪ್ಪು ಹರವಿ, ಸೀಟಿಯನ್ನೂ ರಬ್ಬರನ್ನೂ ತೆಗೆದಿಟ್ಟು, ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡಿಟ್ಟು, ಅದರ ಮೇಲೆ ತಟ್ಟೆ. ನಿಧಾನ ಉರಿಯಲ್ಲಿ ಚಲೋ ಬೇಯುತ್ತದೆ. ತೊಂದರೆ ಇಷ್ಟೇ: ಮರುದಿನ ಬ್ಯಾಳಿಗೆ ಸೀಟಿ ಎಲ್ಲಿಟ್ಟಿದ್ದೆವು ಎಂದು ಮನೆಯೆಲ್ಲ ಹುಡುಕುತ್ತದೆ.

ಓವನ್ ವೈನಿಯ ಬಾಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಬರುವ ಮಾತು ‘ಹೆಲ್ದಿ’. “ಓಟ್ಸ್ ಐತ್ರೀ, ಕೊಲೆಸ್ಟರಾಲ್ ಇಳೀತೈತಿ.” ಓಟ್ಸಿನಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರು ದಿನಕ್ಕೆ ಮೂರು ಗ್ರಾಂ ಹೊಟ್ಟೆಗೆ ಹೋದರೆ ಕೊಲೆಸ್ಟರಾಲ್ ತುಸು ಇಳಿಯುತ್ತದೆ ಎಂಬುದು ನಿಜ. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ಬೇಕು. ವೈನಿಯ ಒಂದು ಕುಕ್ಕಿಯಲ್ಲಿ ಇರುವುದು ಎಂಟು ಗ್ರಾಂ ಇದ್ದರೆ ಹೆಚ್ಚು. ಹತ್ತು ಕುಕ್ಕಿ ತಿನ್ನಬೇಕು, ಅಂದರೆ ಕಾಲು ಕಪ್ಪಿಗೂ ಮಿಕ್ಕಿದ ಬೆಣ್ಣೆ. ನಾನು ಈ ಲೆಕ್ಕವನ್ನು ಅವರ ಮುಂದೆ ಹೇಳಿಲ್ಲ. ಹುಡುಗರಿಗೆ ಲೆಕ್ಕ ಬೇಕಿಲ್ಲ. ಅವರು ಚಿಪ್ಸ್ ಕಿತ್ತು ತಿಂದು, ಉಳಿದ ತೂತುಬಿದ್ದ ಮೇವನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಾರೆ.

ಆ ಚಿಪ್ಸಿನದೇ ಈಗ ದೊಡ್ಡ ಪಂಚಾಯ್ತಿ. ಅಣ್ಣನಿಗೆ ಮೊದಲ ಸಲ ಹೇಳಿಕಳಿಸಿದಾಗ ಆಲೂಗಡ್ಡೆ ಚಿಪ್ಸ್ ತಂದಿದ್ದರು, ಅದೂ ಮಸಾಲೆಯದು. ಎರಡನೇ ಸಲ ಚಾಕಲೇಟಿನದೇ ತಂದರು, ಬಿರುಬೇಸಿಗೆಯಲ್ಲಿ. ಚೀಲ ಬಿಚ್ಚಿದರೆ ಚಿಪ್ಸೆಲ್ಲ ಕೂಡಿ ಇಟ್ಟಂಗಿಯಾಗಿತ್ತು. ವೈನಿ ಅದನ್ನು ಒರಳಿನಲ್ಲಿ ಹಾಕಿ ಕುಟ್ಟಿದರು. ರೂತ್ ವೇಕ್‌ಫೀಲ್ಡಳೂ ಗಡ್ಡೆ ಒಡೆದೇ ಮಾಡಿದ್ದು ಅಂತ ಅವತ್ತು ಅತ್ತಿಯವರೇ ನೆನಪು ಮಾಡಿಕೊಟ್ಟರು.

ಆದ್ದರಿಂದ ಹುಬ್ಬಳ್ಳಿಯಿಂದ ಈ ಕಡೆ ಬರುವ ಪರಿಚಯದವರಲ್ಲಿ ವೈನಿಯ ಪರವಾಗಿ ವಿನಂತಿ: ಬರುವಾಗ ಒಂದು ಪಾಕೀಟು ಚಾಕಲೇಟ್ ಚಿಪ್ಸ್ ತನ್ನಿ. ಮುಂಜಾನೆಯ ಬಸ್ಸು ಹಿಡಿಯಿರಿ, ಕಿಟಕಿಯ ಪಕ್ಕ ಕೂಡಿರಿ, ಚೀಲವನ್ನು ಮಾತ್ರ ಡ್ರೈವರನ ಪಕ್ಕದ ಇಂಜಿನ್ ಮೇಲೆ ಇಡಬೇಡಿ.