ಐದನೇ ಕ್ಲಾಸಿನ ಸಹನಾಶಾಸ್ತ್ರ: ಮಂಡೆಕೋಲು ಪಾಠಾಂತರ

ಗ್ರಂಥ ಪರಿಚಯ

ಪರೀಕ್ಷೆ ಇರುವ ಕ್ಲಾಸಿಗೆ ಪಾಠ ಮಾಡುತ್ತಲೂ ತಲೆ ಕೆಡದಂತೆ ಇರುವುದು ಹೇಗೆ ಎಂಬ ಶಾಸ್ತ್ರವನ್ನು ಈವರೆಗೆ ಯಾರೂ ಬರೆದಿಟ್ಟಿಲ್ಲ. ಇದು ಗುರುಶಿಷ್ಯ ಪರಂಪರೆಯಲ್ಲಿ ಬಂದದ್ದಲ್ಲ. ಗುರುಗುರು ಪರಂಪರೆಯಲ್ಲಿ, ಅಂದರೆ ಸ್ಟಾಫ್ ರೂಮಿನಲ್ಲಿ, ಬುತ್ತಿ ಬಿಚ್ಚುವ ಹೊತ್ತಿಗೆ ಬಾಯಿಂದ ಕಿವಿಗೆ ಹರಿದು ಬಂದದ್ದು. ನಾಡಿನ ತುಂಬ ಪಾಠಾಂತರಗಳಿವೆ. ಅವುಗಳಲ್ಲಿ ಸುಳ್ಯ ತಾಲೂಕಿನ ಮಂಡೆಕೋಲು ಪಾಠವನ್ನೇ ಇಲ್ಲಿ ಶುದ್ಧವೆಂದು ಸ್ವೀಕರಿಸಲಾಗಿದೆ. ಕಾರಣ ಭೌಗೋಳಿಕ. ಊರು ರಾಜ್ಯದ ಅಂಚಿನಲ್ಲಿದೆ, ಆಚೆ ಕೇರಳ. ಬೆಂಗಳೂರಿನಿಂದ ಹೊರಟ ಸುತ್ತೋಲೆ ಅಜ್ಜಾವರ ದಾಟುವಷ್ಟರಲ್ಲಿ ಅದನ್ನು ರದ್ದುಮಾಡುವ ಸುತ್ತೋಲೆಯೂ ಹಿಂದಿನಿಂದ ಏದುಸಿರು ಬಿಡುತ್ತ ಬಂದು ಜೊತೆಗೂಡುತ್ತದೆ. ಮೂಲವನ್ನೂ ತಿದ್ದುಪಡಿಯನ್ನೂ ಒಟ್ಟಿಗೆ ಓದುವ ಇಂಥ ಭಾಗ್ಯ ರಾಜಧಾನಿಯ ಪಂಡಿತರಿಗಿಲ್ಲ.

ಪೂರ್ವೇತಿಹಾಸ

ಈ ಸೀಮೆ 1956ರವರೆಗೆ ಮದರಾಸಿಗೆ ಸೇರಿತ್ತು. ಆಗಿನದು ಎಂಟನೇ ತರಗತಿಯ ಇ.ಎಸ್.ಎಲ್.ಸಿ. ಪರೀಕ್ಷೆಯ ಯುಗ. ಆಮೇಲೆ ಬಂದದ್ದು ಏಳನೆಯ ಪಬ್ಲಿಕ್ ಪರೀಕ್ಷೆಯ ಯುಗ. ಅದನ್ನು ಪಾಸಾದವರು ಈಗಲೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತು, "ನಮ್ಮ ಕಾಲದ ಏಳನೆ ಅಂದ್ರೆ ಈಗಿನ ಬಿ.ಎ." ಎಂದು ಘೋಷಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೊಂದಿಗೆ ಸತ್ಯಯುಗ ಬಂತು. ಎಂಟನೇ ತರಗತಿ ಮುಗಿಯುವವರೆಗೆ ಮಗು ಯಾವ ಮಂಡಲಿಯ ಪರೀಕ್ಷೆಯನ್ನೂ ಪಾಸಾಗಬೇಕಿಲ್ಲ ಎಂದಿತು 30ನೇ ಕಲಂ. ಯಾರನ್ನೂ ಅದೇ ಕ್ಲಾಸಿನಲ್ಲಿ ಕೂರಿಸಬೇಡಿ ಎಂದಿತು 16ನೇ ಕಲಂ. 2019ರಲ್ಲಿ ಆ 16ನೇ ಕಲಮಿಗೆ ತಿದ್ದುಪಡಿ ಬಂದು ಐದು ಮತ್ತು ಎಂಟನೇ ತರಗತಿಗಳಲ್ಲಿ ಪರೀಕ್ಷೆಗೆ ಹಿಂಬಾಗಿಲು ತೆರೆಯಿತು. ತೆರೆದ ಬಾಗಿಲಿಗೆ ಗಾಳಿ ಬಡಿದೇ ಬಡಿಯುತ್ತದೆ.

ಪರೀಕ್ಷೆಯ ಅಸ್ತಿತ್ವ ವಿಚಾರ

ಪರೀಕ್ಷೆಗೆ ಸಿದ್ಧರಾಗುವುದು ಹೇಗೆ ಎಂಬುದು ನಂತರದ ಮಾತು. ಪರೀಕ್ಷೆ ಇದೆಯೇ ಎಂಬುದು ಮೊದಲ ಪ್ರಶ್ನೆ.

2023ರ ಮಾರ್ಚ್ 13ಕ್ಕೆ ನಿಗದಿಯಾಗಿದ್ದ ಐದನೇ ಕ್ಲಾಸಿನ ಮಂಡಲಿ ಪರೀಕ್ಷೆಯನ್ನು 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು. 15ರಂದು ವಿಭಾಗೀಯ ಪೀಠ ಆಗಲಿ ಎಂದಿತು. 27ರಿಂದ ಮಕ್ಕಳು ಬರೆದರು. ಇದು ಪ್ರವೇಶಿಕೆಯ ಮಟ್ಟದ ಪಾಠ. ಪ್ರೌಢ ಪಾಠ ಮರುವರ್ಷದ್ದು. 2024ರ ಮಾರ್ಚ್ 6: ಏಕಸದಸ್ಯ ಪೀಠದ ಪ್ರಕಾರ ಪರೀಕ್ಷೆ ಇಲ್ಲ. 7: ವಿಭಾಗೀಯ ಪೀಠದ ಪ್ರಕಾರ ಇದೆ. 11: ಮಕ್ಕಳು ಪೆನ್ನು ಹಿಡಿದು ಕೂತರು. 12: ಸುಪ್ರೀಂ ಕೋರ್ಟಿನ ಪ್ರಕಾರ ಇಲ್ಲ. 22: ವಿಭಾಗೀಯ ಪೀಠದ ತೀರ್ಪಿನಂತೆ ಮತ್ತೆ ಇದೆ. 25: ಅರ್ಧಕ್ಕೆ ನಿಂತದ್ದು ಮುಂದುವರಿಯಿತು. ಏಪ್ರಿಲ್ 8: ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಬರೆದದ್ದು ಇದೆ, ಫಲ ಇಲ್ಲ.

ಇದರ ಬಗ್ಗೆ ಎರಡು ದರ್ಶನಗಳಿವೆ. ಅದ್ವೈತಿ ಮಾಷ್ಟ್ರುಗಳು ಪರೀಕ್ಷೆಯನ್ನು ಅನಿರ್ವಚನೀಯ ಎನ್ನುತ್ತಾರೆ: ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ, ಆದರೆ ನಾಳೆ ಹತ್ತೂವರೆಗೆ ಕೊಠಡಿ ಗುಡಿಸಿಡಬೇಕು. ಉಡುಪಿ ಪಕ್ಕದ ಜಿಲ್ಲೆಯಾದ್ದರಿಂದ ಮಂಡೆಕೋಲು ಪಾಠ ದ್ವೈತಕ್ಕೆ ಒಲಿದಿದೆ: ಬೆಂಗಳೂರಿನ ಪರೀಕ್ಷೆ ಬೇರೆ, ಕ್ಲಾಸಿನ ಪರೀಕ್ಷೆ ಬೇರೆ, ಭೇದ ನಿತ್ಯ. ಆದರೆ ಒಂದು ವಿಷಯದಲ್ಲಿ ಎರಡೂ ಮತದವರಿಗೆ ಒಮ್ಮತವಿದೆ. ಫಲದ ಆಸೆಯಿಲ್ಲದ ಕರ್ಮದ ಬಗ್ಗೆ ಪ್ರವಚನ ಕೇಳಿದವರು ಲಕ್ಷಾಂತರ ಮಂದಿ ಇರಬಹುದು. ಅದನ್ನು ಸರಕಾರಿ ವೇಳಾಪಟ್ಟಿಯಂತೆ ಆಚರಿಸಿದವರು 2024ರ ಐದನೇ ಕ್ಲಾಸಿನ ಮಕ್ಕಳು ಮತ್ತು ಅವರ ಉತ್ತರಪತ್ರಿಕೆ ತಿದ್ದಿದ ಟೀಚರುಗಳು ಮಾತ್ರ.

ಸೂತ್ರಗಳು, ಭಾಷ್ಯ ಸಹಿತ

ಒಂದು: ಸುತ್ತೋಲೆಯನ್ನು ಬಿಸಿಬಿಸಿಯಾಗಿ ಓದಬಾರದು.
ಭಾಷ್ಯ: ರಾತ್ರಿ ಹತ್ತಕ್ಕೆ ವಾಟ್ಸಾಪ್ ಗ್ರೂಪಿಗೆ ಬಿದ್ದ ಪಿಡಿಎಫ್ ಬೆಳಿಗ್ಗೆಯವರೆಗೆ ಆರಬೇಕು. ಕೂಡಲೇ ತೆರೆದವರ ನಿದ್ದೆ ಹೊರಟುಹೋಗುತ್ತದೆ, ಪರೀಕ್ಷೆ ಬರುವುದಿಲ್ಲ. ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಮನೆಯವರು ಈ ಸೂತ್ರವನ್ನು ಹುಟ್ಟಿನಿಂದಲೇ ಪಾಲಿಸುತ್ತಾರೆ. ಅವರ ರಕ್ತದೊತ್ತಡ ಸಮವಾಗಿರಲು ಇದೇ ಕಾರಣವೆಂದು ಒಂದು ಮತ.

ಎರಡು: ಉತ್ತರಸೂಚಿಗಿಂತ ಮಗು ಮೊದಲು ಹುಟ್ಟಿದೆ.
ಭಾಷ್ಯ: ಪರಿಸರ ಅಧ್ಯಯನದಲ್ಲಿ "ಆನೆ ಎಲ್ಲಿ ವಾಸಿಸುತ್ತದೆ?" ಎಂಬ ಪ್ರಶ್ನೆ ಬಂತೆನ್ನಿ. ಉತ್ತರಸೂಚಿಯ ಪ್ರಕಾರ ಕಾಡಿನಲ್ಲಿ. ಮಂಡೆಕೋಲಿನ ಮಗುವಿನ ಪ್ರಕಾರ "ನಮ್ಮ ತೋಟದಲ್ಲಿ". ಕಾಡಾನೆ ಹಿಂಡು ಬಂದು ಬಾಳೆ, ಅಡಿಕೆ ಸಸಿ ಮುರಿದು ಹೋಗುವ ಊರಿನಲ್ಲಿ ಇದು ಪ್ರತ್ಯಕ್ಷ ಪ್ರಮಾಣ. ಉತ್ತರಸೂಚಿ ಬರಿಯ ಶಬ್ದ ಪ್ರಮಾಣ. ಪ್ರತ್ಯಕ್ಷಕ್ಕೆ ಅರ್ಧ ಅಂಕವಾದರೂ ಕೊಡದ ಮೌಲ್ಯಮಾಪಕರನ್ನು ಒಂದು ರಾತ್ರಿ ತೋಟ ಕಾಯಲು ಕಳಿಸಬೇಕೆಂದು ವ್ಯಾಖ್ಯಾನಕಾರರು ಸೂಚಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರಿಗೆ "ಆನೆ" ಎಂಬ ಕಾರಣ ಬರೆಯಲು ಕಾಲಂ ಇಲ್ಲದಿರುವುದೂ ಶಾಸ್ತ್ರಲೋಪವೇ.

ಮೂರು: ಪ್ರಥಮ ಭಾಷೆ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಡ.
ಭಾಷ್ಯ: ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಗಡಿಯಾಚೆಯ ನೆಂಟರೊಂದಿಗೆ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ. ಇಷ್ಟು ದಾಟಿ ಬಂದ ಮಗುವಿಗೆ ಪ್ರಶ್ನೆಪತ್ರಿಕೆಯ ಕನ್ನಡ ನಾಲ್ಕನೆಯದೋ ಐದನೆಯದೋ ಆಗಿರುತ್ತದೆ. ದ್ವಿತೀಯ ಭಾಷೆ ಇಂಗ್ಲಿಷಂತೂ ಎಣಿಕೆಗೇ ಸಿಗುವುದಿಲ್ಲ. ಭಿನ್ನರಾಶಿ ಕೇಳಿದರೆ ಕಣ್ಣು ಪಿಳಿಪಿಳಿ ಬಿಡುವ ಹುಡುಗ ಹೊಸ ಅಡಿಕೆಗೂ ಹಳೆಯ ಡಬ್ಬಲ್ ಚೋಲಿಗೂ ಕಿಲೋಗೆ ಎಷ್ಟು ವ್ಯತ್ಯಾಸ ಎಂದು ಬಾಯಲ್ಲೇ ಹೇಳುತ್ತಾನೆ. ಟೀಚರು ಗಾಬರಿಯಾಗಬಾರದು. ಹುಡುಗ ದಡ್ಡನಲ್ಲ, ಲೆಕ್ಕದ ಪುಸ್ತಕಕ್ಕೆ ತೋಟ ಇಲ್ಲ, ಅಷ್ಟೆ.

ನಾಲ್ಕು: ಜುಲೈಯ ಸಾಲವನ್ನು ಮಾರ್ಚಿನಲ್ಲಿ ತೀರಿಸಲಾಗದು.
ಭಾಷ್ಯ: ಮಳೆಗಾಲದಲ್ಲಿ ಜಿಲ್ಲಾಧಿಕಾರಿಯವರು ಕೊಡುವ ರಜೆ ದಾನವಲ್ಲ, ಕೈಗಡ. ಶನಿವಾರ ಮಧ್ಯಾಹ್ನ ಕಂತಿನಲ್ಲಿ ವಸೂಲಾಗುತ್ತದೆ. ಪಾಠ ಮುಗಿಸುವ ಮಾರ್ಚಿನಲ್ಲೇ ಒತ್ತೆಕೋಲ, ನೇಮ, ಯಕ್ಷಗಾನಗಳ ಸುಗ್ಗಿ. ರಾತ್ರಿಯಿಡೀ ಆಟ ನೋಡಿ ಬಂದ ಮಗು ಬೆಳಿಗ್ಗೆ ಪುನರಾವರ್ತನೆಯ ತರಗತಿಯಲ್ಲಿ ನಿದ್ದೆ ಮಾಡಿದರೆ ಎಬ್ಬಿಸಬೇಕೆಂದು ಒಂದು ಪಕ್ಷ. ಟೀಚರೂ ಅದೇ ಆಟ ನೋಡಿದ್ದರೆ ಎಬ್ಬಿಸುವವರು ಯಾರು ಎಂದು ಇನ್ನೊಂದು ಪಕ್ಷ.

ಐದು: ಎಣಿಸಲು ಕರೆದರೆ ಎಣಿಸಿ ಬಾ.
ಭಾಷ್ಯ: ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಮಾತ್ರ ಇದಕ್ಕೆ ಹೊರತು. ಪ್ರಜಾಪ್ರಭುತ್ವದಲ್ಲಿ ಇವು ಮೂರೂ ಸೇರಿದರೆ ಏನು ಉಳಿಯುತ್ತದೆ ಎಂದು ಕಲಂ ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಮಕ್ಕಳು ಮನೆಯಲ್ಲಿದ್ದರು, ಟೀಚರು ಆ ಮನೆಗಳ ಅಂಗಳದಲ್ಲಿ ಆ್ಯಪ್ ತೆರೆದುಕೊಳ್ಳಲು ಕಾಯುತ್ತಿದ್ದರು. ಶಿಷ್ಯ ಗುರುವಿನ ಮನೆಗೇ ಹೋಗುವ ಪ್ರಾಚೀನ ಆದರ್ಶ ಹೀಗೆ ತಿರುಗುಮುರುಗಾಗಿ ನೆರವೇರಿತು.

ಗಡಿಯಾಚೆ ಒಂದು ತೌಲನಿಕ ಇಣುಕು

ಆನೆಗೆ ಗಡಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಪರೀಕ್ಷೆಗೂ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಾಲ್ಕನೇ ಕ್ಲಾಸಿನ ಟೀಚರಿಗೂ ಏಳರವರಿಗೂ ವಿದ್ಯಾರ್ಥಿವೇತನ ಪರೀಕ್ಷೆಯ ಚಿಂತೆ. ಈಚೆ ಐದರವರಿಗೆ, ಪರೀಕ್ಷಾ ಮಂಡಲಿ ಸುಮ್ಮನಿದ್ದರೂ, ಮುಡಿಪಿನ ನವೋದಯಕ್ಕೆ ಮಗುವನ್ನು ಸೇರಿಸಬೇಕೆಂಬ ಹೆತ್ತವರ ಆಸೆಯ ಪರೀಕ್ಷೆ. ಒಂದೇ ನೆಂಟರ ಮನೆಯ ಜಗಲಿಯಲ್ಲಿ ಎರಡು ರಾಜ್ಯಗಳ ಟೀಚರು ಕೂತು ಚಾ ಕುಡಿದರೆ, ಸರಕಾರಗಳ ಮಧ್ಯೆ ಆಗದ ಒಪ್ಪಂದ ಮೊದಲ ಗುಟುಕಿಗೇ ಆಗುತ್ತದೆ.

ಪೂರ್ವಪಕ್ಷ

"ಒತ್ತಡ ನಿರ್ವಹಣೆಗೆ ತರಬೇತಿ ಇದೆ, ಪ್ರಾಣಾಯಾಮ ಇದೆ" ಎಂದು ಪೂರ್ವಪಕ್ಷಿಗಳು ವಾದಿಸುತ್ತಾರೆ. ಉಸಿರನ್ನು ಒಳಗೆಳೆದು ನಿಲ್ಲಿಸುವುದು ಸರಿ. ಆದರೆ ಅದರ ಫೋಟೊ ತೆಗೆದು ಅಪ್‌ಲೋಡ್ ಮಾಡುವವರೆಗೂ ನಿಲ್ಲಿಸಿ ಹಿಡಿಯುವುದು ಯೋಗಿಗಳಿಗೂ ಕಷ್ಟ. ಆದ್ದರಿಂದ ವಾದ ಬಿದ್ದುಹೋಗುತ್ತದೆ.

ಸಿದ್ಧಾಂತ

ಪರೀಕ್ಷೆಯಿಂದ ಯಾವ ಟೀಚರೂ ಕುಗ್ಗಿಲ್ಲ. ತಾರೀಕು ಗೊತ್ತಿದ್ದರೆ ಮಂಡೆಕೋಲಿನವರು ಮಳೆಗೂ ಆನೆಗೂ ಒತ್ತೆಕೋಲಕ್ಕೂ ಲೆಕ್ಕ ಹಾಕಿ ಪಾಠ ಮುಗಿಸುತ್ತಾರೆ. ಕುಗ್ಗಿಸುವುದು ಇದೆಯೋ ಇಲ್ಲವೋ ಎಂಬ ತೂಗಾಟ. ಇನ್ನೊಂದು ಕಾರಣ ಸೂಕ್ಷ್ಮವಾದದ್ದು. ಮಗು ನಪಾಸಾಗುವುದಿಲ್ಲ ಎಂದು ಸರಕಾರ ಭರವಸೆ ಕೊಟ್ಟ ಗಳಿಗೆಯಲ್ಲಿ ನಪಾಸಿನ ಭಯ ನಾಶವಾಗಲಿಲ್ಲ. ಬೆಂಚಿನಿಂದ ಎದ್ದು ಬಂದು ಮೇಜಿನ ಈಚೆ ಕೂತಿತು. ಈಗ ಶಾಲೆಯ ಶೇಕಡಾವಾರು, ಕ್ಲಸ್ಟರಿನ ಶೇಕಡಾವಾರು, ತಾಲೂಕಿನ ಸ್ಥಾನ ಎಲ್ಲವೂ ಅದರ ಮಡಿಲಲ್ಲಿವೆ.

ಹಾಗಾಗಿ ಮಂಡೆಕೋಲು ಪಾಠ ವಿಧಿಸುವುದು ಇಷ್ಟು. ಪರೀಕ್ಷೆ ಇಲ್ಲವೆಂದೇ ಕಲಿಸು, ಇದೆಯೆಂದೇ ದಾಖಲೆ ಬರೆ. ಐದನೇ ಕ್ಲಾಸನ್ನು ಪ್ರತಿವರ್ಷ ಒಬ್ಬರ ಮಂಡೆಗೇ ಕಟ್ಟದೆ ಸರದಿಯಲ್ಲಿ ಹಂಚಿಕೊಳ್ಳಿ. ಉತ್ತರಪತ್ರಿಕೆಯ ಕಟ್ಟನ್ನು ಮನೆಯ ಊಟದ ಮೇಜಿಗೆ ತರಬೇಡಿ. ಶೇಕಡಾವಾರು ಕೇಳಿದವರಿಗೆ ಶೇಕಡಾವಾರು ಕೊಡಿ, ಮಗುವಿನ ಬಗ್ಗೆ ಕೇಳಿದವರಿಗೆ ಕುರ್ಚಿ ಕೊಡಿ. ಎರಡನೆಯವರು ಅಪರೂಪ, ಒಂದು ಕುರ್ಚಿ ಸಾಕಾಗುತ್ತದೆ.

ಫಲಶ್ರುತಿ

ಇದನ್ನು ಬೆಳಿಗ್ಗೆ ಪಠಿಸಿದವರಿಗೆ ಇಲಾಖೆಯ ಸ್ಯಾಟ್ಸ್ ಸರ್ವರ್ ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ. ಮಧ್ಯಾಹ್ನ ಪಠಿಸಿದವರಿಗೆ ಬಿಸಿಯೂಟದ ಮೊಟ್ಟೆಯ ಲೆಕ್ಕ ತಾಳೆಯಾಗುತ್ತದೆ. ಸಂಜೆ ಪಠಿಸಿದವರ ಹೆಸರು ಚುನಾವಣಾ ಕರ್ತವ್ಯದ ಪಟ್ಟಿಯಿಂದ ತಾನಾಗಿ ಬಿಟ್ಟುಹೋಗುತ್ತದೆ. ಒಂದು ವರ್ಷ ಬಿಡದೆ ಪಠಿಸಿದವರಿಗೆ ಮುಂದಿನ ಜೂನಿನಲ್ಲಿ ಒಂದನೇ ಕ್ಲಾಸು ಪ್ರಾಪ್ತಿಯಾಗುತ್ತದೆ. ಅಲ್ಲಿ ಯಾವ ಮಂಡಲಿಯ ಪರೀಕ್ಷೆಯೂ ಇಲ್ಲ. ಅಳುವುದು, ಮೂಗು ಒರೆಸುವುದು, ಚಪ್ಪಲಿ ಅದಲುಬದಲಾಗುವುದು ಮಾತ್ರ. ಅದರ ಶಾಸ್ತ್ರ ಬೇರೆ ಇದೆ. ಬರೆಯಬೇಕಾದವರಿಗೆ ಹನ್ನೆರಡು ವರ್ಷದಿಂದ ಕೈ ಖಾಲಿಯಾಗಿಲ್ಲ.