ಸಿಲಿಕಾನ್ ಕಣಿವೆಯ ದಾನಶಾಸನಗಳು: ಒಂದು ಮರುಪರಿಶೀಲನೆ

ಪೀಠಿಕೆ

ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಒಡೆಯರು ಹೊರಡಿಸಿದ ಶಾಸನಗಳು ಬಹುಮಟ್ಟಿಗೆ ಇ-ಮೇಲ್ ರೂಪದಲ್ಲಿವೆ. ಕಲ್ಲಿನ ಮೇಲಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ವಿದ್ವಾಂಸರು ಇವನ್ನು ಕಣ್ಣೆತ್ತಿ ನೋಡಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಕ್ರಮವನ್ನೇ ಇವಕ್ಕೂ ಅನ್ವಯಿಸಿ, ಪುಕ್ಕಟೆ ಊಟ ಬಡಿಸಿದ ಕೈಯೇ ನೌಕರರನ್ನು ಮನೆಗೆ ಕಳಿಸಿದ್ದು ಹೇಗೆಂದು ನಿರ್ಣಯಿಸುವುದು ಈ ಪ್ರಬಂಧದ ಉದ್ದೇಶ. ಲೇಖಕನಿಗೆ ಕೋಡಿಂಗ್ ಬಾರದ ಕಾರಣ ಅವನ ನಿಷ್ಪಕ್ಷಪಾತವನ್ನು ಯಾರೂ ಶಂಕಿಸಬೇಕಿಲ್ಲ.

1. ದಾನಯುಗ

ಗೂಗಲ್ ವಂಶದ ಮೂಲಪುರುಷರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1999ರಲ್ಲೇ ಚಾರ್ಲಿ ಏಯರ್ಸ್ ಎಂಬ ಬಾಣಸಿಗರನ್ನು ಕರೆತಂದು ಅನ್ನಛತ್ರ ತೆರೆದರು. 2004ರಲ್ಲಿ ಷೇರುಪೇಟೆಗೆ ಇಳಿಯುವಾಗ ಅವರು ಬರೆದ ಪತ್ರವೇ ಈ ಯುಗದ ಪ್ರಧಾನ ದಾನಶಾಸನ. ನೌಕರರಿಗೆ ಪುಕ್ಕಟೆ ಊಟ, ವೈದ್ಯರು, ಬಟ್ಟೆ ಒಗೆಯುವ ಯಂತ್ರಗಳನ್ನು ಒದಗಿಸಲಾಗಿದೆ; ಬರಬರುತ್ತ ಇಂಥವು ಹೆಚ್ಚುವುದನ್ನು ನಿರೀಕ್ಷಿಸಿ, ಕಡಿತವನ್ನಲ್ಲ ಎಂಬುದು ಅದರ ಸಾರಾಂಶ.

ಈ ಪಾಠದಲ್ಲಿ ಗಂಭೀರ ಲೋಪವಿದೆ. ನಮ್ಮ ದಾನಶಾಸನಗಳ ಕೊನೆಗೆ ದತ್ತಿಯು ಆಚಂದ್ರಾರ್ಕ ನಡೆಯಲಿ ಎಂಬ ಹಾರೈಕೆಯೂ, ಕಸಿದವನು 60,000 ವರ್ಷ ಹೇಳಬಾರದ ಜಾಗದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಸಾಮಾನ್ಯ. ಗೂಗಲ್ ಶಾಸನದಲ್ಲಿ ಎರಡೂ ಇಲ್ಲ. ಅಮೆರಿಕದಲ್ಲಿ ಅರುವತ್ತರ ಅಂಕಿ ಉಳಿದಿದೆಯಾದರೂ ತಲೆಕೆಳಗಾಗಿದೆ: ಎಚ್-1ಬಿ ವೀಸಾದಲ್ಲಿರುವ ಸನ್ನಿವೇಲ್‌ನ ಕನ್ನಡಿಗ ಕೆಲಸ ಕಳೆದುಕೊಂಡರೆ, ಬೇರೆ ಧಣಿಯನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಕಸಿದವನಿಗೆ ತಟ್ಟಬೇಕಾದ ಶಾಪ ಕಳೆದುಕೊಂಡವನಿಗೆ ತಟ್ಟಿದೆ.

2. ಜೋಳವಾಳಿ ಮತ್ತು ಆರೂವರೆಯ ಊಟ

ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವ ಜೋಳವಾಳಿ ನಮ್ಮಲ್ಲಿತ್ತು. ಕಣಿವೆಯಲ್ಲಿ ಜೋಳದ ಬದಲು ಸುಶಿ, ಪ್ರಾಣದ ಬದಲು ಶನಿವಾರ. ರಾತ್ರಿಯೂಟ ಆಫೀಸಿನಲ್ಲೇ ಸಿಗುವಾಗ ಊಟದ ಹೊತ್ತಿನವರೆಗೂ ಕೂತು ದುಡಿಯದಿರಲು ಯಾರಿಗೆ ಮನಸ್ಸು ಬಂದೀತು?

2022ರ ಮಾರ್ಚ್‌ನಲ್ಲಿ ಮೆಟಾ ಕಂಪನಿ ಪುಕ್ಕಟೆ ಬಟ್ಟೆ ಒಗೆತವನ್ನು ನಿಲ್ಲಿಸಿ, ರಾತ್ರಿಯೂಟವನ್ನು 6ರಿಂದ 6.30ಕ್ಕೆ ಸರಿಸಿತು. ಮನೆ ಕಡೆಯ ಕೊನೆಯ ಕಂಪನಿ ಬಸ್ಸು ಹೊರಡುತ್ತಿದ್ದುದು 6ಕ್ಕೆ. ಡಬ್ಬಿಗೆ ಊಟ ತುಂಬಿಸಿಕೊಂಡು ಬಸ್ಸು ಹತ್ತುತ್ತಿದ್ದವರು ಈಗ ಊಟವೋ ಬಸ್ಸೋ ತೀರ್ಮಾನಿಸಬೇಕಾಯಿತು. ದಾನಯುಗ ಮುಗಿದದ್ದು ಈ ಅರ್ಧ ಗಂಟೆಯಲ್ಲಿ ಎಂಬುದು ಈ ಲೇಖಕನ ಖಚಿತ ಮತ.

3. ದಕ್ಷತಾ ನಾಮ ಸಂವತ್ಸರ

2022ರ ನವೆಂಬರ್‌ನಲ್ಲಿ ಮೆಟಾ 11,000ಕ್ಕೂ ಹೆಚ್ಚು ಜನರನ್ನೂ, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನೂ ತೆಗೆಯುವುದಾಗಿ ಸಾರಿದವು. 2023 ದಕ್ಷತೆಯ ವರ್ಷ ಎಂದು ಘೋಷಿಸಿದ ಮೆಟಾ ಒಡೆಯ ಮಾರ್ಕ್ ಜುಕರ್‌ಬರ್ಗ್, ಪಂಚಾಂಗದ 60 ಸಂವತ್ಸರಗಳಿಗೆ ಇನ್ನೊಂದನ್ನು ಜೋಡಿಸಿದರು. ಮರುದಿನ ಮೆಟಾ ಷೇರು ಶೇ. 20ಕ್ಕೂ ಹೆಚ್ಚು ಜಿಗಿಯಿತು. ಜನರನ್ನು ತೆಗೆಯುವುದು ಹಿಂದೆ ಕಂಪನಿ ಮುಳುಗುತ್ತಿದೆ ಎಂಬುದರ ಲಕ್ಷಣವಾಗಿತ್ತು. ಈಗ ಅದು ಆರೋಗ್ಯದ ಲಕ್ಷಣ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ 2022ರಲ್ಲಿ ಬಂದ ನಿವ್ವಳ ಲಾಭ ಸುಮಾರು 6,000 ಕೋಟಿ ಡಾಲರ್. ಇಲ್ಲೂ ಅರುವತ್ತರ ಛಾಯೆ ಇರುವುದನ್ನು ಜಿಜ್ಞಾಸುಗಳು ಗಮನಿಸಬೇಕು.

ಎರಡೂ ಕಂಪನಿಗಳ ಒಡೆಯರು ನಡೆದದ್ದಕ್ಕೆ ತಾವೇ ಹೊಣೆ ಎಂದು ಬರೆದಿದ್ದಾರೆ. ಹೊಣೆ ಹೊತ್ತವರು ಕುರ್ಚಿಯಲ್ಲೇ ಉಳಿದರು, ಹೊರದವರು ಪೆಟ್ಟಿಗೆ ಹೊತ್ತರು. ಗೂಗಲ್‌ನ ಸುಂದರ್ ಪಿಚೈ ಅವರ 2022ರ ಸಂಭಾವನೆ, ಬಹುಪಾಲು ಷೇರು ರೂಪದಲ್ಲಿ, ಸುಮಾರು 22.6 ಕೋಟಿ ಡಾಲರ್. ಭಾರ ಹೆಚ್ಚಿದಂತೆ ಕೂಲಿಯೂ ಹೆಚ್ಚಬೇಕಾದದ್ದು ನ್ಯಾಯವೇ.

4. ವೀರಗಲ್ಲುಗಳು

ಬೆಂಗಳೂರೆಂಬ ಹೆಸರು ಮೊದಲು ಕಾಣುವುದು ಎಲೆಕ್ಟ್ರಾನಿಕ್ ಸಿಟಿಯ ನೆರೆಯ ಬೇಗೂರಿನಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲಿನ ಮೇಲೆ. ಊರಿನ ಮೊದಲ ದಾಖಲೆಯೇ ಒಡೆಯನ ಕೆಲಸದಲ್ಲಿ ಮುಗಿದುಹೋದವನದು ಎಂಬುದು ಐಟಿ ಇತಿಹಾಸಕಾರರ ಗಮನಕ್ಕೆ ಬಂದಂತಿಲ್ಲ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಲಿಂಕ್ಡ್‌ಇನ್‌ನ ವಿದಾಯಲೇಖಗಳೂ ಇದೇ ಮಾದರಿಯವು. ಮೊದಲು ಕಾದಿದ ಪ್ರಾಜೆಕ್ಟುಗಳ ಪಟ್ಟಿ, ಬಳಿಕ ಎತ್ತಿಹಿಡಿದ ಸಹೋದ್ಯೋಗಿಗಳಿಗೆ ವಂದನೆ, ತುದಿಯಲ್ಲಿ ಭಾವಚಿತ್ರದ ಸುತ್ತ ‘ಓಪನ್ ಟು ವರ್ಕ್’ ಎಂಬ ಹಸಿರು ಪ್ರಭಾವಳಿ.

ಕಾದಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು. ಗೂಗಲ್ ತನ್ನ ಅಮೆರಿಕದ ನೌಕರರಿಗೆ ಬಿಟ್ಟದ್ದು 16 ವಾರದ ಸಂಬಳ, ಸೇವೆಯ ವರ್ಷಕ್ಕೆ ಇನ್ನೆರಡು ವಾರ. ಕೆಲಸಕ್ಕೆ ಸೇರುವ ಮುನ್ನ ಕೆಫೆಟೇರಿಯಾ ಹೇಗಿದೆ ಎಂದು ವಿಚಾರಿಸುತ್ತಿದ್ದ ಹುಡುಗರು ಈಗ ನೆತ್ತರುಗೊಡಗೆ ಎಷ್ಟು ವಾರದ್ದು ಎಂದು ವಿಚಾರಿಸುತ್ತಾರೆ.

5. ಪೂರ್ವಪಕ್ಷ ಮತ್ತು ಸಿದ್ಧಾಂತ

ಒಡೆಯರಿಗೆ ಬೇರೆ ದಾರಿಯಾದರೂ ಏನಿತ್ತು ಎಂಬುದು ಪೂರ್ವಪಕ್ಷ. 1970ರ ಹಿಂಜರಿತದಲ್ಲಿ ಇದೇ ಕಣಿವೆಯ ಹ್ಯೂಲೆಟ್-ಪ್ಯಾಕರ್ಡ್ ಸಂಬಳವನ್ನೂ ಕೆಲಸದ ಹೊತ್ತನ್ನೂ ಶೇ. 10ರಷ್ಟು ಇಳಿಸಿ, ಎರಡು ವಾರಕ್ಕೊಂದು ಶುಕ್ರವಾರ ರಜೆ ಕೊಟ್ಟು ಜನರನ್ನು ಉಳಿಸಿಕೊಂಡಿತು ಎಂಬುದು ಉತ್ತರ.

ಸಿದ್ಧಾಂತವಿಷ್ಟೆ: ಸುಶಿಯೂ ಬಸ್ಸೂ ಧಣಿಯ ದಾನವಾಗಿ ಬಂದವು. ಹಕ್ಕೆಂದು ಯಾರೂ ಬರೆಸಿಕೊಳ್ಳಲಿಲ್ಲ. ಕೊಟ್ಟವನ ಮರ್ಜಿ ತಿರುಗಿದಾಗ ಕೇಳಲು ಕಾಗದವಿರಲಿಲ್ಲ.

ಆದ್ದರಿಂದ ಇನ್ನು ಮುಂದಿನ ಆಫರ್ ಲೆಟರುಗಳ ಕೊನೆಗೆ ಈ ಸಾಲು ಸೇರಬೇಕೆಂದು ಶಿಫಾರಸು ಮಾಡಲಾಗಿದೆ: ‘ಈ ಕಾಫಿ ಯಂತ್ರವೂ ಇದನ್ನು ಕುಡಿಯುವವನ ಕೆಲಸವೂ ಆಚಂದ್ರಾರ್ಕ ಸಲ್ಲಲಿ, ಕಿತ್ತವನು 60,000 ವರ್ಷ ಅಪ್ರೈಸಲ್ ಮೀಟಿಂಗಿನಲ್ಲಿ ಹುಳುವಾಗಿ ಕೂರಲಿ.’ ಕರಡನ್ನು ಪರಿಶೀಲಿಸಿದ ಕಂಪನಿಯೊಂದರ ಎಚ್‌ಆರ್ ವಿಭಾಗ ಶಾಪಕ್ಕೆ ತನ್ನ ಆಕ್ಷೇಪವಿಲ್ಲವೆಂದೂ, ‘ಆಚಂದ್ರಾರ್ಕ’ ಎಂಬಲ್ಲಿ ‘ಮುಂದಿನ ತ್ರೈಮಾಸಿಕದವರೆಗೆ’ ಎಂದು ತಿದ್ದಿದರೆ ಕೂಡಲೇ ಸಹಿ ಹಾಕುವುದಾಗಿಯೂ ತಿಳಿಸಿದೆ.